ಖಾಲಿ ಕುರ್ಚಿಯನ್ನು ನೋಡಿದ ಹುಡುಗಿ

ಆಗಲೇ ನಿಮ್ಮನ್ನು ಒಂದು ಮಾತು ಕೇಳಿದೆ, ಸೆಕೆಯಾಗುತ್ತಿದೆಯೇ, ಫ್ಯಾನ್ ಹಾಕಿಸಲೇ ಎಂದು. ಕೇಳಿದ್ದು ನಿಮ್ಮೆಲ್ಲರನ್ನು. ನೀವೇನು ಮಾಡಿದಿರಿ? ಮುಂದಿನ ಸಾಲಿನಲ್ಲಿ ಕುಳಿತಿರುವ, ಈ ಸಭೆ ಏರ್ಪಡಿಸಿದ ಯಜಮಾನರ ಮುಖ ನೋಡಿದಿರಿ. ಅವರಿಗೆ ನೆಗಡಿ, ಪಾಪ, ಶಾಲು ಹೊದ್ದಿದ್ದಾರೆ. ಬೇಡವೆಂದು ತಲೆಯಾಡಿಸಿದರು. ನೀವೂ ಆಡಿಸಿದಿರಿ. ನೋಡಿ, ಬೆವರು ನಿಮ್ಮದು, ಬೆನ್ನು ನಿಮ್ಮದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುವವರೂ ನೀವೇ. ಸೆಕೆಯಾಗುತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಅವರೇ? ನಗಬೇಡಿ. ಹೀಗೆ ಪಕ್ಕಕ್ಕೆ ತಿರುಗಿ ನೋಡುವ ಅಭ್ಯಾಸದಿಂದ ಒಂದು ಹುಡುಗಿಯ ಬಾಳೇ ಹೇಗೆ ಕೆಟ್ಟಿತು ಎಂದು ಹೇಳುತ್ತೇನೆ, ಕೇಳಿ.

ಒಂದು ಊರಿನ ಕಾಲೇಜಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಗೌತಮಿ ಎಂದಿಟ್ಟುಕೊಳ್ಳಿ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡಿ, ಎತ್ತರದಲ್ಲಿರುವ ಬಳೆಯೊಳಗೆ ಹಾಕುತ್ತಾರಲ್ಲ, ಆ ಆಟ. ತಂಡದಲ್ಲಿ ಅವಳ ಕೆಲಸ ಚೆಂಡನ್ನು ಮುಂದಕ್ಕೆ ಒಯ್ದು, ಯಾರಿಗೆ ಕೊಡಬೇಕು, ತಾನೇ ಯಾವಾಗ ನುಗ್ಗಬೇಕು ಎಂದು ತೀರ್ಮಾನಿಸುವುದು. ಕಾಲಿನಲ್ಲಿ ವೇಗವಿತ್ತು, ಕೈಯಲ್ಲಿ ಹಿಡಿತವಿತ್ತು. ಅವಳಿಗೆ ಇದ್ದದ್ದು ಒಂದೇ ಆಸೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು.

ಮೊದಲ ವರ್ಷ ಅವಳಿಗೆ ಕಲಿಸಿದವರು ಒಬ್ಬ ವಯಸ್ಸಾದ ಮೇಷ್ಟ್ರು. ಹುಡುಗಿ ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನವ್ವಾ ಕಾಣ್ತು ನಿಂಗೆ?"

"ಬಲಗಡೆ ಜಾಗ ಇತ್ತು ಸಾರ್. ಕೊಡೋಣ ಅಂದ್ಕಂಡೆ. ಅಷ್ಟೊತ್ಗೆ ಎದುರಿನೋಳು ಅಡ್ಡ ಬಂದ್ಲು."

"ಹಂಗಾ? ಸರಿ, ಇನ್ನೊಂದ್ಸಲ ನೋಡು."

ಇಷ್ಟೇ ಪಾಠ. ಗೌತಮಿ ನೋಡುವುದನ್ನು ಕಲಿಯುತ್ತಿದ್ದಳು. ಆದರೆ ನೋಡುವುದನ್ನು ಕಲಿಯಲು ಹೊತ್ತು ಹಿಡಿಯುತ್ತದೆ, ಅಲ್ಲವೇ? ಆ ವರ್ಷ ತಂಡ ಸೋತಿತು. ತಂದೆತಾಯಂದಿರು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಗೌತಮಿಯ ಅಪ್ಪನದೇ ದೊಡ್ಡ ದನಿ. "ಬೈಯಲ್ಲ, ಹೊಡೆಯಲ್ಲ, ಕಾಣ್ತಾ ಕಾಣ್ತಾ ಅಂತ ಕೇಳ್ಕಂಡು ನಿಂತ್ಕತಾರೆ! ಇವರೆಂಥಾ ಕೋಚು ಸಾರ್? ಬಿಗಿಯಾಗಿರೋರ್ನ ಹಾಕ್ಸಿ."

ಹಾಕಿಸಿದರು. ಹೊಸ ಕೋಚ್ ಬಿಗಿಯೆಂದರೆ ಬಿಗಿ. ಬಂದ ದಿನವೇ ಒಂದು ಕಟ್ಟಳೆ ಮಾಡಿದ. ಚೆಂಡು ಕೈಗೆ ಬಂದ ಕೂಡಲೇ ಆಟಗಾರ್ತಿ ಮೊದಲು ಅವನ ಕುರ್ಚಿಯ ಕಡೆ ನೋಡಬೇಕು. ಅವನು ಎಡ ಎಂದರೆ ಎಡ, ಬಲ ಎಂದರೆ ಬಲ. ಒಂದು ಸಲ ಗೌತಮಿ ಅವನನ್ನು ನೋಡದೆ ತಾನೇ ನುಗ್ಗಿ ಚೆಂಡು ಹಾಕಿಬಿಟ್ಟಳು. ಬಳೆಯೊಳಗೆ ಬಿತ್ತು! ಗೆಳತಿಯರು ಚಪ್ಪಾಳೆ ತಟ್ಟಿದರು. ಕೋಚ್ ಸೀಟಿ ಊದಿದ.

"ಯಾರೇ ನಿಂಗೆ ಯೋಚ್ನೆ ಮಾಡು ಅಂದೋರು? ಯೋಚ್ನೆ ಮಾಡಕ್ಕೆ ನಾನಿದೀನಿ. ನೀನು ಓಡು, ಸಾಕು."

ಅಂಕಣದ ಸುತ್ತ ಓಡಿಸಿದ, ಅವಳು ವಾಂತಿ ಮಾಡಿಕೊಳ್ಳುವವರೆಗೆ ಓಡಿಸಿದ. ಚೆಂಡು ಬಳೆಯೊಳಗೆ ಬಿದ್ದದ್ದಕ್ಕೆ ಶಿಕ್ಷೆ ಸ್ವಾಮಿ, ತಪ್ಪಿದ್ದಕ್ಕಲ್ಲ. ಅವತ್ತು ಹುಡುಗಿಯೊಳಗೆ ಏನೋ ಮುದುರಿಕೊಂಡಿತು. ಅಪ್ಪ ನೋಡುತ್ತಲೇ ನಿಂತಿದ್ದ. "ಹಂಗೇ ಬುದ್ಧಿ ಬರಬೇಕು" ಎಂದು ಪಕ್ಕದವನಿಗೆ ಹೇಳಿ ಹೆಮ್ಮೆಪಟ್ಟ.

ಆಮೇಲೇನಾಯಿತು? ಸೋತರು ಎಂದುಕೊಂಡಿರಾ? ಇಲ್ಲ. ಗೆದ್ದರು. ಒಂದಾದ ಮೇಲೊಂದು ಪಂದ್ಯ ಗೆದ್ದರು. ಅನರ್ಥವಾದದ್ದೇ ಅಲ್ಲಿ. ಸೋತಿದ್ದರೆ ಯಾರಾದರೂ ಒಬ್ಬರು ನಿಂತು ಯೋಚಿಸುತ್ತಿದ್ದರು. ಗೆದ್ದವರನ್ನು ಕೇಳುವವರು ಯಾರು? ಕೋಚಿಗೆ ಹಾರ ಬಿತ್ತು, ಪ್ರಿನ್ಸಿಪಾಲರಿಗೆ ಹೆಸರು ಬಂತು. ಗೌತಮಿ ಮಾತ್ರ ಊಟಕ್ಕೆ ಕುಳಿತಾಗಲೂ ಇನ್ನೊಂದು ಮುದ್ದೆ ಬೇಕೋ ಬೇಡವೋ ಎಂದು ಅಮ್ಮನ ಮುಖ ನೋಡತೊಡಗಿದಳು. ಮನೆಯವರು ಅದಕ್ಕೆ ಇಟ್ಟ ಹೆಸರು ವಿನಯ. ಥೂ!

ಎರಡನೆಯ ವರ್ಷ ಅಂತರ ಕಾಲೇಜು ಪಂದ್ಯಾವಳಿ ನಡೆಯಿತು. ಫೈನಲ್ಲಿಗೆ ಬಂದರು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮಾಡುವವರು ಬಂದು ಕುಳಿತಿದ್ದಾರೆ. ಹುಡುಗಿಯ ಆಸೆ ಈಡೇರುವುದು ಇಲ್ಲೇ, ಈ ಹೊತ್ತಿನಲ್ಲೇ. ಅವಳ ತಂಡ ಒಂದೇ ಅಂಕ ಹಿಂದಿದೆ. ಅಂಥ ಸಮಯದಲ್ಲಿ ನಮ್ಮ ಬಿಗಿಯ ಕೋಚ್ ರೆಫರಿಯ ಮೇಲೆ ಕೂಗಾಡಿದ. ರೆಫರಿ ಒಮ್ಮೆ ಎಚ್ಚರಿಸಿದರು. ಮತ್ತೆ ಕೂಗಿದ. ಅಂಕಣದಿಂದ ಆಚೆಗೇ ಕಳಿಸಿಬಿಟ್ಟರು. ಬೇರೆಯವರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ನಾಲಗೆಯೇ ಹಿಡಿತಕ್ಕೆ ಸಿಗಲಿಲ್ಲ, ನೋಡಿ.

ಆಟ ಮುಗಿಯುವ ಗಳಿಗೆ. ಚೆಂಡು ಗೌತಮಿಯ ಕೈಗೆ ಬಂತು. ಎದುರಿಗಿದ್ದವಳು ಕಾಲು ಜಾರಿ ಬಿದ್ದಳು. ಬಳೆಯವರೆಗೆ ದಾರಿ ತೆರೆದುಕೊಂಡಿತ್ತು. ಬಲಗಡೆ ಗೆಳತಿಯೊಬ್ಬಳು ಒಂಟಿಯಾಗಿ ನಿಂತು "ಕೊಡೇ, ಕೊಡೇ!" ಎಂದು ಕಿರುಚುತ್ತಿದ್ದಳು. ನುಗ್ಗಿದ್ದರೂ ಗೆಲುವು, ಕೊಟ್ಟಿದ್ದರೂ ಗೆಲುವು. ಗೌತಮಿ ಏನು ಮಾಡಿದಳು?

ತಿರುಗಿ ಕುರ್ಚಿಯ ಕಡೆ ನೋಡಿದಳು.

ಕುರ್ಚಿಯ ಮೇಲೆ ಒಂದು ಟವೆಲ್ ಇತ್ತು. ಮನುಷ್ಯ ಇರಲಿಲ್ಲ. ಹುಡುಗಿ ಚೆಂಡು ಹಿಡಿದುಕೊಂಡು ಆ ಟವೆಲನ್ನೇ ನೋಡುತ್ತಾ ನಿಂತಳು. ಹಿಂದಿನಿಂದ ಒಬ್ಬಳು ಬಂದು ಅವಳ ಕೈಯಿಂದ ಚೆಂಡನ್ನು ಕಿತ್ತುಕೊಂಡು ಹೋದಳು. ಆಟ ಮುಗಿಯಿತು. ಆಯ್ಕೆ ಮಾಡುವವರು ಎದ್ದು ಹೋದರು.

ಗೇಟಿನ ಹತ್ತಿರ ಕೋಚ್ ಕಾದಿದ್ದ. ಏನೆಂದ ಗೊತ್ತೇ? "ನಿಂಗೆ ಸ್ವಂತ ಬುದ್ಧಿ ಅನ್ನೋದೇ ಇಲ್ವೇನೇ?"

ಅಪ್ಪನೂ ಅದನ್ನೇ ಅಂದ. "ಅಷ್ಟೂ ಗೊತ್ತಾಗ್ಲಿಲ್ವೇನವ್ವಾ? ಕಣ್ಮುಂದೇನೆ ದಾರಿ ಇತ್ತಲ್ಲ!"

ಸ್ವಂತ ಬುದ್ಧಿಯನ್ನು ಸೀಟಿ ಊದಿ ಓಡಿಸಿದವನು ಅವನು. ಓಡಿಸುವವನನ್ನು ಕೇಳಿ ಹಾಕಿಸಿಕೊಂಡವನು ಇವನು. ಈಗ ಇಬ್ಬರೂ ಅದೆಲ್ಲಿ ಹೋಯಿತು ಎಂದು ಅವಳನ್ನೇ ಕೇಳುತ್ತಾರೆ. ನಾಚಿಕೆ ಬೇಡವೇ?

ಹಳೆಯ ಮೇಷ್ಟ್ರು ಕೂಡ ಪಂದ್ಯ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ ಹುಡುಗಿಯ ಹತ್ತಿರ ಬಂದರು. ಬೈಯಲಿಲ್ಲ. ಮೊದಲಿನ ಹಾಗೆಯೇ ಕೇಳಿದರು: "ಏನವ್ವಾ ಕಾಣ್ತು ನಿಂಗೆ?"

ಗೌತಮಿ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಕುರ್ಚಿ ಸಾರ್. ಬರೀ ಕುರ್ಚಿ ಕಾಣ್ತು."

ಮೇಷ್ಟ್ರು ಮತ್ತೆ ಕಲಿಸಿದರು, ಅವಳು ಮತ್ತೆ ಗೆದ್ದಳು ಎಂದು ಹೇಳಿ ನಿಮ್ಮನ್ನು ಸಂತೋಷಪಡಿಸಬಹುದಿತ್ತು. ಹಾಗಾಗಲಿಲ್ಲ. ಅವಳು ಅಕ್ಕನ ಮಗಳಿಗೆ ತನ್ನ ಆಟದ ಶೂ ಕೊಟ್ಟುಬಿಟ್ಟಳು. ಮತ್ತೆ ಅಂಕಣಕ್ಕೆ ಇಳಿಯಲಿಲ್ಲ.

ಆ ಕೋಚ್ ಎಂಥ ಪಾಪಿ ಎಂದು ಅಲ್ಲಿ ಗುಸುಗುಸು ಮಾಡುತ್ತಿದ್ದೀರಿ. ಅವನನ್ನು ಬಿಡಿ. ಮನೆಗೆ ಬಂದ ನೆಂಟರು ನಿಮ್ಮ ಮಗುವನ್ನು "ಏನು ಓದ್ತಿದೀಯಾ ಪುಟ್ಟಾ?" ಎಂದು ಕೇಳಿದಾಗ ಉತ್ತರ ಕೊಡುವವರು ಯಾರು? ಮಗುವೇ? ನೀವು! ಸೊಸೆ ಸಾರಿನ ರುಚಿ ನೋಡಿ, ಉಪ್ಪು ಸಾಕೋ ಬೇಕೋ ಎಂದು ಅತ್ತೆಯ ಮುಖ ನೋಡುತ್ತಾಳಲ್ಲ, ನಾಲಗೆ ಯಾರದು? ಮಗ ತಪ್ಪು ಲೆಕ್ಕ ಮಾಡಿದ ಕೂಡಲೇ ಪೆನ್ಸಿಲ್ ಕಿತ್ತುಕೊಂಡು ಬರೆಯುತ್ತೀರಲ್ಲ, ನಾಳೆ ಪರೀಕ್ಷೆಯಲ್ಲಿ ಅವನ ಪಕ್ಕ ನಿಮಗೆ ಕುರ್ಚಿ ಹಾಕಿರುತ್ತಾರೆಯೇ? ಅದಿರಲಿ, ನೀವು ಶಾಶ್ವತವಾಗಿ ಆ ಕುರ್ಚಿಯಲ್ಲಿ ಇರುತ್ತೀರಾ? ಒಂದು ದಿನ ಅದರ ಮೇಲೆ ಬರೀ ಟವೆಲ್ ಇರುತ್ತದೆ.

ಅದಕ್ಕೇ ಹೇಳುತ್ತೇನೆ. ಇವತ್ತು ಮನೆಗೆ ಹೋಗಿ. ಮಗು ಎಡವಿದಾಗ, ಸೊಸೆ ತಪ್ಪಿದಾಗ, ಅಂಗಡಿಯ ಹುಡುಗ ತಡಬಡಿಸಿದಾಗ, ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಳ್ಳಿ. ನಿನಗೇನು ಕಾಣಿಸಿತು ಎಂದು ಕೇಳಿ. ಕೇಳಿದ ಮೇಲೆ, ದಯವಿಟ್ಟು, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ. ಇನ್ನೊಬ್ಬರ ಮುಖ ನೋಡಿಯೇ ಬದುಕುತ್ತಿರುವವರು ನೀವಾಗಿದ್ದರೆ, ನಿಮ್ಮ ಕಣ್ಣಿಗೆ ಕಂಡದ್ದನ್ನು ಒಂದು ಸಲವಾದರೂ ನಿಮ್ಮ ಬಾಯಿಂದಲೇ ಹೇಳಿ.

ತಿಳಿಯಿತಲ್ಲ? ಹಾಗಾದರೆ ಮತ್ತೆ ಕೇಳುತ್ತೇನೆ. ಸೆಕೆಯಾಗುತ್ತಿದೆಯೇ? ಫ್ಯಾನ್ ಹಾಕಿಸಲೇ?

ನೋಡಿ. ಮತ್ತೆ ಯಜಮಾನರ ಮುಖವನ್ನೇ ನೋಡಿದಿರಿ.