ಕಪಾಟಿನೊಳಗೆ ಹಚ್ಚಿದ ದೀಪ

ಅಲ್ಲ ಕಣೇ ಮೀರಾ, ಬಟ್ಟೆ ಇಡೋ ಕಪಾಟಲ್ಲ, ಅಡುಗೆಮನೆ ಕಪಾಟು. ಸಿಂಕ್ ಪಕ್ಕ ಮೇಲ್ಗಡೆ ಇರುತ್ತಲ್ಲ, ಮರದ್ದು, ಅದರೊಳಗೆ ದೇವರನ್ನ ಇಟ್ಟಿದ್ದೆ ನಾನು. ಇಟ್ಟಿದ್ದೆ ಅಂದ್ರೆ ಬಚ್ಚಿಟ್ಟಿದ್ದೆ, ಸರಿಯಾಗೇ ಹೇಳ್ಬೇಕಲ್ಲ. ಇದು ಚಿಕಾಗೋ ಪಕ್ಕದ ಈ ಅರೋರಾಗೆಲ್ಲ ಬರೋಕೆ ಎಷ್ಟೋ ಮುಂಚೆ, ಡಿಯರ್‌ಬಾರ್ನ್‌ನಲ್ಲಿದ್ದಾಗ. ಎಪ್ಪತ್ನಾಲ್ಕು... ಇಲ್ಲ ಇಲ್ಲ, ನಿಮ್ಮಮ್ಮನಿಗೆ ಆಗ ಎರಡು ತುಂಬಿತ್ತು, ಹಾಗಾದ್ರೆ ಎಪ್ಪತ್ತೈದು. ನಿಮ್ಮ ತಾತ ಕಾರ್ ಕಂಪನಿಲಿ ಎಂಜಿನಿಯರ್ ಆಗಿದ್ರು. ಪೆಟ್ರೋಲ್ ಸಿಗದೆ ಗ್ಯಾಸ್ ಸ್ಟೇಷನ್ ಮುಂದೆ ಜನ ಕ್ಯೂ ನಿಂತ ಕಾಲ ಮುಗಿದಿತ್ತಷ್ಟೆ, ದೊಡ್ಡ ಕಾರ್ ಯಾರಿಗೂ ಬೇಡವಾಗಿತ್ತು, ಒಂದು ಶುಕ್ರವಾರ ಇವರ ಸಾಲಲ್ಲಿದ್ದ ಅಷ್ಟೂ ಮೇಜಿನವರನ್ನ ಮನೆಗೆ ಕಳಿಸಿಬಿಟ್ರು. ತಾತ ಬಂದು ಕೋಟ್ ಕೂಡ ಬಿಚ್ಚಲಿಲ್ಲ, ಸೋಫಾ ಮೇಲೆ ಕೂತ್ಕೊಂಡು, ‘ಲಲಿತಾ, ಮನೆ ಬದಲಾಯಿಸ್ಬೇಕು’ ಅಂದ್ರು. ಕೆಲಸ ಹೋಯ್ತು ಅಂತ ಹೇಳಲಿಲ್ಲ ನೋಡು, ಮನೆ ಬದಲಾಯಿಸ್ಬೇಕು ಅಂದ್ರು. ನನಗೆ ಅರ್ಥ ಆಯ್ತು.

ಕಮ್ಮಿ ಬಾಡಿಗೆಗೆ ಸಿಕ್ಕಿದ್ದು ಊರಿನ ದಕ್ಷಿಣದ ಕೊನೇಲಿ, ಫ್ಯಾಕ್ಟರಿ ಚಿಮಣಿಗಳ ಬುಡದಲ್ಲಿ, ಒಂದು ಮರದ ಮನೆಯ ಮಹಡಿ. ಬಟ್ಟೆ ಹೊರಗೆ ಒಣಗಿ ಹಾಕಿದ್ರೆ ಸಂಜೆಗೆ ಮಸಿ ಕೂತಿರೋದು. ಆ ಬೀದಿ ಪೂರ್ತಿ ಮುಸ್ಲಿಮರು. ಪೂರ್ತಿ ಅಂದ್ರೆ ಪೂರ್ತಿ. ನಾನು ಮೈಸೂರಿನವಳು, ಮುಸ್ಲಿಮರು ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡಿದ್ದೆ. ಅಲ್ಲಿ ನೋಡಿದ್ರೆ ಲೆಬನಾನಿನವರು ಬೇರೆ, ಯೆಮೆನ್‌ನವರು ಬೇರೆ, ಪ್ಯಾಲೆಸ್ಟೈನ್‌ನವರು ಬೇರೆ, ಒಬ್ಬರ ರೊಟ್ಟಿ ಇನ್ನೊಬ್ಬರಿಗೆ ಸೇರದು, ಒಬ್ಬರ ಅರೇಬಿಕ್ ಕೇಳಿ ಇನ್ನೊಬ್ಬರು ನಗೋರು. ಅವರ ಮಧ್ಯೆ ಹಿಂದೂಗಳು ಅಂದ್ರೆ ನಾವು ಮೂರೇ ಜನ. ಮನೆ ಓನರ್ ಕೆಳಗಡೆ ಇದ್ರು, ಲೆಬನಾನಿನವರು. ಹಸನ್ ಅಂತ ದೊಡ್ಡ ಮಗ, ಮದುವೆ ಆಗಿ ಬೇರೆ ಊರಲ್ಲಿದ್ದ, ಅದಕ್ಕೆ ಅವರನ್ನ ಎಲ್ಲಾರೂ ಉಮ್ ಹಸನ್ ಅನ್ನೋರು, ಹಸನ್ ತಾಯಿ ಅಂತ. ಯಜಮಾನರು ಅಬು ಹಸನ್, ಅದೇ ಫ್ಯಾಕ್ಟರಿಲಿ ಕೆಲಸ. ಉಮ್ ಹಸನ್ ದಪ್ಪಗೆ, ಎತ್ತರಕ್ಕೆ, ತಲೆಗೆ ಬಿಳೀ ಬಟ್ಟೆ ಕಟ್ಕೊಂಡಿರೋರು, ಇಂಗ್ಲಿಷ್ ಇಷ್ಟೇ ಇಷ್ಟು ಬರ್ತಿತ್ತು. ನನಗೂ ಭಾರೀ ಬರ್ತಿತ್ತು ಅಂತಲ್ಲ.

‘ಅಜ್ಜಿ, ವೈ ಡಿಡ್ ಯು ಹೈಡ್ ಇಟ್ ದೆನ್?’ ಅಂತಿದೀಯ. ಹೇಳ್ತೀನಿ ಇರು. ಚಿಕಾಗೋದಲ್ಲಿ ನಮಗೆ ಗೊತ್ತಿದ್ದ ಒಬ್ರು ಆಂಟಿ ಫೋನ್ ಮಾಡಿ, ‘ಅವರಿಗೆ ವಿಗ್ರಹ ಅಂದ್ರೆ ಆಗಲ್ಲ ಲಲಿತಾ, ಕಣ್ಣಿಗೆ ಬಿದ್ರೆ ಅವತ್ತೇ ಮನೆ ಬಿಡಿಸ್ತಾರೆ’ ಅಂದ್ರು. ಆ ಆಂಟಿ ಜನ್ಮದಲ್ಲಿ ಒಬ್ಬ ಮುಸ್ಲಿಂ ಹೆಂಗಸನ್ನೂ ಮಾತಾಡಿಸಿರ್ಲಿಲ್ಲ, ಅದು ನನಗೆ ಆಮೇಲೆ ಹೊಳೀತು. ಅವತ್ತು ಹೊಳೀಲಿಲ್ಲ. ತಾತನಿಗೆ ಕೆಲಸ ಇಲ್ಲ, ಹೊರಗೆ ಮೊಣಕಾಲುದ್ದ ಸ್ನೋ, ಕೂಸು ಬೇರೆ, ಈ ಮನೇನೂ ಹೋದ್ರೆ ಎಲ್ಲಿಗೆ ಹೋಗೋದು. ಅದಕ್ಕೆ ಪುಟ್ಟ ಹಿತ್ತಾಳೆ ಕೃಷ್ಣ, ನಮ್ಮಮ್ಮ ಕೊಟ್ಟ ಬೆಳ್ಳಿ ಗಣಪತಿ, ಲಕ್ಷ್ಮಿ ಫೋಟೋ, ಎಲ್ಲಾ ಆ ಕಪಾಟಲ್ಲಿಟ್ಟು, ಬೆಳಗ್ಗೆ ಬಾಗಿಲು ತೆಗೆದು ದೀಪ ಹಚ್ಚೋದು, ಕೈ ಮುಗಿಯೋದು, ಆರಿಸೋದು, ಮುಚ್ಚೋದು. ಗಂಟೆ ಇಲ್ಲ, ಊದುಬತ್ತಿ ಇಲ್ಲ, ಮಂತ್ರಾನೂ ಬಾಯೊಳಗೇ. ಕಳ್ಳಿ ಥರ.

ಒಂದಿನ ತಾತ ಚಿಕಾಗೋ ಹತ್ರದ ಇಟಾಸ್ಕಾಗೆ ಇಂಟರ್‌ವ್ಯೂಗೆ ಅಂತ ಹೊರಟ್ರು. ಐದು ಗಂಟೆ ಡ್ರೈವ್, ಹಿಂದಿನ ದಿನಾನೇ ಹೋಗಿ ಸ್ನೇಹಿತರ ಮನೇಲಿ ಉಳ್ಕೊಂಡ್ರು. ಮಾರನೇ ದಿನ ಬೆಳಗ್ಗೆ, ಅವರು ಇಂಟರ್‌ವ್ಯೂಗೆ ಕೂತಿರೋ ಹೊತ್ತು ಅಂತ ಲೆಕ್ಕ ಹಾಕಿ, ಅವತ್ತು ಸ್ವಲ್ಪ ಜಾಸ್ತಿನೇ ಎಣ್ಣೆ ಹಾಕಿ, ಎರಡು ಬತ್ತಿ ಇಟ್ಟೆ. ನಿಮ್ಮಮ್ಮ ಒಳಗೆ ಮಲಗಿದ್ಳು, ಜ್ವರ ಬಿಟ್ಟು ಅವತ್ತೇ ಒಳ್ಳೇ ನಿದ್ದೆ. ಒಲೆ ಮೇಲೆ ಕುಂಬಳಕಾಯಿ ಹುಳಿ ಮಾಡಿ ಇಳಿಸಿಟ್ಟಿದ್ದೆ. ಅಷ್ಟೊತ್ತಿಗೆ ಬಾಗಿಲು ಟಕ ಟಕ. ತೆಗೆಯೋ ಮುಂಚೇನೇ ಗೊತ್ತಾಯ್ತು ಉಮ್ ಹಸನ್ ಅಂತ, ಅವರ ಹೆಜ್ಜೆಗೆ ಮೆಟ್ಟಿಲೆಲ್ಲಾ ಸದ್ದು ಮಾಡೋದು. ನಾನೇನು ಮಾಡಿದೆ, ದೀಪ ಆರಿಸೋಕೆ ಮನಸ್ಸು ಬರಲಿಲ್ಲ ಕಣೇ, ತಾತ ಅಲ್ಲಿ ಕೂತಿದಾರೆ, ಈಗ ದೀಪ ಆರಿಸೋದಾ ಅಂತ. ಹಾಗೇ ಕಪಾಟಿನ ಬಾಗಿಲು ಮುಚ್ಚಿಬಿಟ್ಟೆ. ಉರೀತಿರೋ ದೀಪದ ಮೇಲೆ. ಬುದ್ಧಿ ಅನ್ನೋದು ಎಲ್ಲಿಗೆ ಹೋಗಿತ್ತೋ.

ಉಮ್ ಹಸನ್ ಕೈಲಿ ತಟ್ಟೆ, ಮೇಲೆ ಬಟ್ಟೆ ಮುಚ್ಚಿದ್ರು. ‘ಬೇಬಿ ಸಿಕ್. ಬ್ರೆಡ್, ನೋ ಮೀಟ್’ ಅಂದ್ರು. ನಾವು ಮಾಂಸ ತಿನ್ನಲ್ಲ ಅಂತ ಅದು ಹೇಗೋ ತಿಳ್ಕೊಂಡಿದ್ರು. ನಾನು ಥ್ಯಾಂಕ್ಯೂ ಥ್ಯಾಂಕ್ಯೂ ಅಂತ ತಟ್ಟೆ ಇಸ್ಕೊಂಡು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತ್ಕೊಂಡೆ. ಅವರು ಹೋಗೋ ಹಾಗೇ ಕಾಣಲಿಲ್ಲ. ಕೂಸಿನ ಜ್ವರ ಕೇಳಿದ್ರು, ನಾನು ಹೇಳಿದೆ. ತಾತ ಎಲ್ಲಿ ಅಂತ ಕೇಳಿದ್ರು, ಹೇಳಿದೆ. ಹಾಗೇ ಮಾತಾಡ್ತಾ ಆಡ್ತಾ ಅವರ ಮೂಗು ಹೀಗೆ, ಹೀಗೆ ಅಲ್ಲಾಡ್ತು. ‘ಯು ಕುಕ್?’ ಅಂದ್ರು. ‘ಯೆಸ್ ಯೆಸ್, ಕುಕಿಂಗ್’ ಅಂದೆ. ಇನ್ನೊಂದು ಸಲ ಮೂಸಿದ್ರು. ಆಮೇಲೆ ನನ್ನ ಭುಜ ಹಿಡ್ಕೊಂಡು, ಕುರ್ಚಿ ಸರಿಸೋ ಹಾಗೆ ನನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋದ್ರು.

ಕಪಾಟಿನ ಸಂದೀಲಿ ಹೊಗೆ ಬರ್ತಾ ಇದೆ, ದಾರ ದಾರವಾಗಿ. ಅವರು ಬಾಗಿಲು ತೆಗೆದ್ರೆ ಒಳಗೆ ಹಾಸಿದ್ದ ಕಾಗದ ಹತ್ಕೊಂಡು ಮೇಲಿನ ಹಲಗೇನ ನೆಕ್ತಾ ಇದೆ ಬೆಂಕಿ. ಆ ಕಡೆ ಗೋಡೆ ಇದ್ಯಲ್ಲ, ಅದರ ಹಿಂದೇನೇ ಮಗು ಮಲಗಿದ್ದಿದ್ದು, ಅದೊಂದೇ ನನ್ನ ತಲೇಲಿ. ಉಮ್ ಹಸನ್ ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು, ಇಳಿಸಿಟ್ಟಿದ್ದ ಹುಳಿ ಪಾತ್ರೆ ಎತ್ತಿ ಸುರಿದ್ರು ನೋಡು ಕಪಾಟಿನೊಳಗೆ, ಪೂರ್ತಿ. ಆಮೇಲೆ ಒದ್ದೆ ಬಟ್ಟೆ ತಗೊಂಡು ಬಡಿದ್ರು, ಬಡಿದ್ರು, ಬೆಂಕಿ ಆರಿ ಹೋದ ಮೇಲೂ ಬಡಿದ್ರು. ನಗಬೇಡಿ ಮಕ್ಕಳಾ. ಹೂಂ, ನಗಿ ಪರವಾಗಿಲ್ಲ, ನಮ್ಮ ಕೃಷ್ಣನಿಗೆ ಅವತ್ತು ಹುಳಿ ಅಭಿಷೇಕ.

ಆಮೇಲೆ ಅವರು ಒಳಗೆ ನೋಡಿದ್ರು. ನಾನು ಅವರ ಮುಖ ನೋಡ್ತಾ ಇದೀನಿ. ಅವರಿಗೆ ಗೊತ್ತಾಯ್ತು, ಅದೇನು ಅಂತ ಚೆನ್ನಾಗೇ ಗೊತ್ತಾಯ್ತು. ಆಮೇಲೆ ತಲೆಗೆ ಕಟ್ಟಿದ್ದ ಬಿಳೀ ಬಟ್ಟೆ ಬಿಚ್ಚಿದ್ರು, ಹಿತ್ತಾಳೆ ಬಿಸಿಯಾಗಿತ್ತಲ್ಲ, ಆ ಬಟ್ಟೇಲಿ ಹಿಡಿದು ಕೃಷ್ಣನ್ನ ತೆಗೆದು ಮೇಜಿನ ಮೇಲಿಟ್ರು. ಗಣಪತೀನ ಇಟ್ರು. ಫೋಟೋ ಗಾಜು ಸೀಳಿತ್ತು, ಅದನ್ನೂ ಹುಷಾರಾಗಿ ಇಟ್ರು. ಕೃಷ್ಣ ಒಂದು ಕಡೆ ವಾಲ್ಕೊಂಡಿದ್ದ, ನೆಟ್ಟಗೆ ನಿಲ್ಲಿಸಿದ್ರು. ಇಷ್ಟೆಲ್ಲಾ ಮಾಡಿ ನನ್ನ ಕಡೆ ತಿರುಗಿ ಬೈದ್ರು ನೋಡು, ಅರೇಬಿಕ್‌ನಲ್ಲಿ, ನನ್ನ ಅತ್ತೆ ಕೂಡ ಹಾಗೆ ಬೈದಿಲ್ಲ. ನಾನು ಕನ್ನಡದಲ್ಲಿ ಅಳ್ತಾ ಇದೀನಿ, ತಪ್ಪಾಯ್ತು ತಪ್ಪಾಯ್ತು ಅಂತ. ಮಗು ಎದ್ದು ಬಂತು, ಅದನ್ನ ಎತ್ಕೊಂಡು ನನ್ನ ಕೈಗೆ ಕೊಟ್ಟು ದಡದಡ ಇಳಿದು ಹೋಗಿಬಿಟ್ರು.

ಸಂಜೆ ತಾತ ಬಂದ್ರು. ಇಂಟರ್‌ವ್ಯೂನವರು ‘ಆಮೇಲೆ ಹೇಳ್ತೀವಿ’ ಅಂದಿದ್ರಂತೆ. ನಾನು ಇದನ್ನ ಹೇಳಿದೆ. ಅವರು ಸುಟ್ಟ ಹಲಗೆ ಮುಟ್ಟಿ ನೋಡಿ, ‘ಪೆಟ್ಟಿಗೆ ಇಳಿಸ್ತೀನಿ’ ಅಂದ್ರು, ಅಷ್ಟೇ.

ಮಾರನೇ ದಿನ ಖಾಲಿ ರಟ್ಟಿನ ಡಬ್ಬ ಕೇಳೋಣ ಅಂತ ಮೂಲೆ ಅಂಗಡಿಗೆ ಹೋದೆ, ಸಾಮಾನು ತುಂಬೋಕೆ. ಅಂಗಡಿಯವರು ಯೂಸುಫ್ ಅಂತ, ವಯಸ್ಸಾದವರು, ಇರಾಕಿನವರು. ಹೆಸರು ಕೇಳಿ ನಾನು ಅವರನ್ನೂ ಮುಸ್ಲಿಮರು ಅಂದ್ಕೊಂಡಿದ್ದೆ. ಅವತ್ತು ಅವರು ಡಬ್ಬ ತೆಗೆಯೋಕೆ ಬಗ್ಗಿದಾಗ ಕತ್ತಿನ ಸರದಲ್ಲಿ ಶಿಲುಬೆ ಕಾಣಿಸ್ತು. ‘ಎಲ್ಲಿಗೆ ಹೋಗ್ತಿದೀಯಮ್ಮ’ ಅಂದ್ರು, ಇಂಗ್ಲಿಷ್‌ನಲ್ಲಿ. ನಾನು ಅಲ್ಲೇ ಅತ್ಕೊಂಡು ಎಲ್ಲಾ ಹೇಳಿಬಿಟ್ಟೆ. ಅವರು ಸ್ಟೂಲ್ ಹಾಕಿ ಕೂರಿಸಿದ್ರು. ‘ನಮ್ಮ ಹಳ್ಳಿಲಿ ನಾವು ಕ್ರಿಶ್ಚಿಯನ್ನರು ಕೆಲವೇ ಮನೆ, ಸುತ್ತ ಎಲ್ಲಾ ಮುಸ್ಲಿಮರು’ ಅಂದ್ರು. ‘ನಮ್ಮ ಈಸ್ಟರ್ ಹಬ್ಬಕ್ಕೆ ಅವರ ಮನೆಯಿಂದ ಮೊಟ್ಟೆ ಬರೋದು. ಒಂದೊಂದು ವರ್ಷ ನಮ್ಮ ಮೇಲೆ ಕೋಪಾನೂ ಬರೋದು. ಎರಡೂ ನಿಜ. ನಾನು ಬರೀ ಒಳ್ಳೇದನ್ನ ಹೇಳಿದ್ರೆ ಸುಳ್ಳಾಗುತ್ತೆ. ಆದ್ರೆ ನಮ್ಮಪ್ಪ ಶಿಲುಬೇನ ಯಾವತ್ತೂ ಬಚ್ಚಿಡಲಿಲ್ಲ. ಬಚ್ಚಿಟ್ರೆ, ಇವರು ಏನೋ ಕೆಟ್ಟದ್ದು ಮಾಡ್ತಿದಾರೆ ಅಂತ ಜನ ಅಂದ್ಕೋತಾರೆ ಅನ್ನೋರು.’ ಆಮೇಲೆ ಕೇಳಿದ್ರು, ‘ಉಮ್ ಹಸನ್ ನಿನ್ನ ಮನೆ ಬಿಡು ಅಂದ್ರಾ?’ ನಾನು ಯೋಚನೆ ಮಾಡಿದೆ. ‘ಗೊತ್ತಿಲ್ಲ, ಅರೇಬಿಕ್‌ನಲ್ಲಿ ಬೈದ್ರು’ ಅಂದೆ. ಅವರಿಗೆ ನಗು ತಡೆಯಕ್ಕಾಗಲಿಲ್ಲ. ಅಂಗಡಿ ಬಾಗಿಲು ಹಾಕಿ, ‘ಬಾ, ಏನು ಬೈದ್ರು ಅಂತ ಕೇಳೋಣ’ ಅಂದ್ರು.

ಕೆಳಗಿನ ಮನೇಲಿ ಎಲ್ಲಾರೂ ಕೂತ್ವಿ, ತಾತಾನೂ ಬಂದ್ರು. ಅಬು ಹಸನ್ ಕಾಫಿ ಲೋಟ ಕೈಲಿ ತಿರುಗಿಸ್ತಾ ನೆಲ ನೋಡ್ತಿದ್ರು. ಉಮ್ ಹಸನ್ ಮತ್ತೆ ಶುರು ಮಾಡಿದ್ರು, ಕೈ ಆಡಿಸ್ಕೊಂಡು. ಯೂಸುಫ್ ಅಂಕಲ್ ಒಂದೊಂದೇ ಹೇಳ್ತಾ ಹೋದ್ರು. ‘ಇವರು ಹೇಳ್ತಾರೆ, ಈ ಮನೆ ಮರದ್ದು. ಲೆಬನಾನಿನ ನಮ್ಮ ಊರಲ್ಲಿ ಪಕ್ಕದ ಮನೆ ಕ್ರಿಶ್ಚಿಯನ್ನರದ್ದು, ಎಲ್ಲಾರ ಮನೇಲೂ ದೀಪ ಉರೀತಿತ್ತು, ಕಪಾಟಿನೊಳಗೆ ಯಾವ ಹುಚ್ಚೀನೂ ಹಚ್ಚುತ್ತಿರಲಿಲ್ಲ. ಮಗು ಸುಟ್ಟು ಹೋಗಿದ್ರೆ ಏನು ಮಾಡ್ತಿದ್ದೆ ಅಂತ ಕೇಳ್ತಾರೆ. ನಿನ್ನ ಅಮ್ಮ ಇಲ್ಲಿಲ್ಲ, ಅದಕ್ಕೆ ನಾನು ಬೈತಿದೀನಿ ಅಂತಾರೆ.’ ಅಷ್ಟೇನಾ ಬೈದಿದ್ದು? ನಾನು ಕೇಳಿದೆ, ‘ವಿಗ್ರಹಕ್ಕೆ ಕೋಪ ಇಲ್ವಾ?’

ಆಗ ಅಬು ಹಸನ್ ತಲೆ ಎತ್ತಿದ್ರು. ಅವರಿಗೆ ಫ್ಯಾಕ್ಟರಿ ಇಂಗ್ಲಿಷ್ ಬರ್ತಿತ್ತು. ‘ನನಗೆ ಇಷ್ಟ ಇಲ್ಲ, ಸುಳ್ಳು ಹೇಳಲ್ಲ’ ಅಂದ್ರು. ‘ದೇವರಿಗೆ ರೂಪ ಇಲ್ಲ ಅಂತ ನಾನು ನಂಬೋನು. ನಮ್ಮಣ್ಣ ನಿನ್ನೆ ಬಂದು, ಅವರನ್ನ ಕಳಿಸು ಅಂದ. ಮಹಡಿ ಬಾಡಿಗೆಗೆ ಕೊಟ್ಟಿದ್ದೀನಿ, ಅಲ್ಲಿ ಅವರು ಯಾರಿಗೆ ಕೈ ಮುಗೀತಾರೆ ಅನ್ನೋದನ್ನ ಬಾಡಿಗೆಗೆ ತಗೊಂಡಿಲ್ಲ ಅಂದೆ.’ ಒಂದು ಗುಟುಕು ಕಾಫಿ ಕುಡಿದು, ‘ಬೆಂಕಿ ಮಾತ್ರ ನನಗೆ ತೋರಿಸಿ ಹಚ್ಚಬೇಕು’ ಅಂದ್ರು. ಆ ಭಾನುವಾರ ಅವರೇ ಗ್ಯಾರೇಜಿಂದ ಒಂದು ಸ್ಟೀಲ್ ಶೀಟ್ ತಂದು, ಬಗ್ಗಿಸಿ, ಇಟ್ಟಿಗೆ ಚಿಮಣಿ ಗೋಡೆಗೆ ಸ್ಕ್ರೂ ಹಾಕಿ ಗೂಡು ಮಾಡಿಕೊಟ್ರು. ‘ದೀಪಕ್ಕೆ ಮಾಡಿದೀನಿ. ಪಕ್ಕದಲ್ಲಿ ಏನಿಡ್ತೀರೋ ಅದು ನಾನು ನೋಡಲ್ಲ’ ಅಂದ್ರು. ನಿಜವಾಗ್ಲೂ ನೋಡಲಿಲ್ಲ ಕಣ್ರೋ, ಆಮೇಲೆ ಮನೆಗೆ ಬಂದಾಗೆಲ್ಲಾ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂರೋರು. ಅವರ ಅಣ್ಣ ಮಾತ್ರ ನಮ್ಮನ್ನ ಕೊನೇವರೆಗೂ ಮಾತಾಡಿಸಲಿಲ್ಲ. ಇರಲಿ, ಎಲ್ಲಾರೂ ಮಾತಾಡಿಸಲೇಬೇಕು ಅಂತ ಏನಿದೆ.

ಅವತ್ತು ತಾತ ಪೆಟ್ಟಿಗೆ ವಾಪಸ್ ಮೇಲಿಟ್ರು. ನಾನು ಹೊಟ್ಟೆ ತುಂಬಾ ಊಟ ಮಾಡಿದೆ, ಎಷ್ಟು ದಿನದ ಮೇಲೋ. ಆದ್ರೆ ಪಾತ್ರೆ ತೊಳೀತಾ ಒಂದು ನೆನಪು ಬಂತು. ಮೈಸೂರಲ್ಲಿ ನಮ್ಮ ಬೀದಿಲಿ ಒಂದೇ ಒಂದು ಮುಸ್ಲಿಮರ ಮನೆ ಇತ್ತು, ಟೈಲರ್ ಸಾಹೇಬರದ್ದು. ಹಬ್ಬದ ದಿನ ಅವರ ಹೆಂಡ್ತಿ ಅಡುಗೆಮನೆ ಕಿಟಕಿ ಎಲ್ಲಾ ಮುಚ್ಚಿಬಿಡೋರು, ಬಿರು ಬೇಸಿಗೇಲೂ. ನಾವು ಮಕ್ಕಳು, ಇವರಿಗೆ ಸೆಕೆ ಆಗಲ್ವಾ ಅಂತ ನಗ್ತಿದ್ವಿ. ಮಾಂಸದ ವಾಸನೆ ನಮ್ಮ ಕಡೆ ಬರಬಾರದು ಅಂತ ಮುಚ್ಕೋತಿದ್ರು ಅನ್ನೋದು ನನಗೆ ಅಷ್ಟು ದೂರ ಬಂದು, ಆ ಸಿಂಕ್ ಮುಂದೆ ನಿಂತಾಗ ಗೊತ್ತಾಯ್ತು. ನಮ್ಮ ಮನೆಯವರು ಒಬ್ಬರಾದ್ರೂ ಹೋಗಿ, ‘ತೆಗೀರಮ್ಮ ಕಿಟಕಿ’ ಅನ್ನಲಿಲ್ಲ.

ಆಮೇಲೆ ರಂಜಾನ್ ಬಂತು. ಕೆಳಗೆ ಅವರು ಉಪವಾಸ, ಮೇಲೆ ನನ್ನ ಸಾಸಿವೆ ಇಂಗಿನ ಒಗ್ಗರಣೆ ವಾಸನೆ ಮೆಟ್ಟಿಲಿಳಿದು ಹೋಗುತ್ತಲ್ಲ ಅಂತ ಸಂಕಟ. ಈ ಸಲ ಬುದ್ಧಿ ಬಂದಿತ್ತು, ಹೋಗಿ ಕೇಳಿದೆ. ‘ಡೇ ಟೈಮ್, ಐ ನೋ ಕುಕ್?’ ಅಂದೆ. ಉಮ್ ಹಸನ್ ಸೊಂಟದ ಮೇಲೆ ಕೈ ಇಟ್ಕೊಂಡು, ‘ಬೇಬಿ ಈಟ್. ಯು ಕುಕ್. ಮೈ ಫಾಸ್ಟ್, ಮೈ ನೋಸ್’ ಅಂದ್ರು. ಆ ತಿಂಗಳು ದಿನಾ ಸೂರ್ಯ ಮುಳುಗೋ ಹೊತ್ತಿಗೆ ನಾನು ನಿಂಬೆ ಪಾನಕ ಮಾಡಿ ಕೊಡ್ತಿದ್ದೆ. ಬೆಲ್ಲ ಇರ್ಲಿಲ್ಲ, ಬ್ರೌನ್ ಶುಗರ್ ಹಾಕ್ತಿದ್ದೆ, ಏಲಕ್ಕಿ ಜಜ್ಜಿ. ಅಬು ಹಸನ್ ಎರಡು ಲೋಟ ಕುಡಿಯೋರು. ನವೆಂಬರಲ್ಲಿ ಇಟಾಸ್ಕಾದವರು ಕೊನೆಗೂ ತಾತನ್ನ ಕರೆದ್ರು, ನಾವು ಈ ಅರೋರಾ ಕಡೆ ಬಂದ್ವಿ. ಹೊರಡೋ ದಿನ ತಾತ ಕಾರ್ ಸ್ಟಾರ್ಟ್ ಮಾಡಿ, ‘ಬದುಕಿಕೊಂಡ್ವಿ ಲಲಿತಾ’ ಅಂದ್ರು. ಕೆಲಸ ಸಿಕ್ಕಿದ್ದಕ್ಕೆ ಅಂದ್ರೋ ಇನ್ಯಾವುದಕ್ಕೆ ಅಂದ್ರೋ, ನಾನು ಕೇಳಲಿಲ್ಲ.

ಅಷ್ಟೇ ಕಣ್ರೋ. ಪಕ್ಕದ ಮನೆಯವರ ಮನಸ್ಸಲ್ಲಿ ಏನಿದೆ ಅಂತ ನಾವೇ ಕೂತು ಕಥೆ ಕಟ್ಕೋಬಾರ್ದು, ಬಾಗಿಲು ತಟ್ಟಿ ಕೇಳ್ಬೇಕು. ಬೇಡ ಅಂದ್ರೆ ಬೇಡ, ಅಷ್ಟಾದ್ರೂ ಗೊತ್ತಾಗುತ್ತಲ್ಲ. ಏಳಿ ಈಗ, ಅನ್ನ ಆರಿ ಹೋಗುತ್ತೆ.