ಬೈಲಪ್ಪನ ಐದು ಪದ

ಇಪ್ಪತ್ತೊಂದು ಆಯ್ತು ಅಲ್ವಾ ಡಾಕ್ಟ್ರಮ್ಮ? ಈ ನೆನಪಿನ ಪರೀಕ್ಷೇಲಿ ಮೂವತ್ತಕ್ಕೆ ಇಪ್ಪತ್ತೊಂದು. ಅಯ್ಯೋ, ಹಾಳೆ ಯಾಕೆ ಮುಚ್ಕೊಳ್ತೀರಿ! ನಲವತ್ತು ವರ್ಷ ಚಿಕ್ಕಪೇಟೆ ಹೋಲ್‌ಸೇಲ್‌ನವರ ಎದುರು ಕೂತು, ಅವರ ಬಿಲ್ಲನ್ನ ತಲೆಕೆಳಗಾಗಿ ಓದಿ ಓದಿ ಪಳಗಿದ ಕಣ್ಣಿದು. ಗಡಿಯಾರದ ಚಿತ್ರಕ್ಕೆ ಮೂರು ಕಿತ್ಕೊಂಡ್ರಿ, ತಾರೀಖಿಗೆ ಒಂದು. ಎಲ್ಲರೂ ಮೊಬೈಲಲ್ಲಿ ಟೈಮ್ ನೋಡೋ ಕಾಲದಲ್ಲಿ ಮುಳ್ಳು ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು ಹೇಳಿ? ನೂರರಿಂದ ಏಳೇಳು ಕಳೀರಿ ಅಂದಾಗ ಮಾತ್ರ ನೀವು ಪೆನ್ನು ಎತ್ತೋ ಮುಂಚೆ ಮುಗಿಸಿದ್ನಲ್ಲ!

ಇರ್ಲಿ. ಇನ್ನು ಉಳಿದಿರೋದು ನೆನಪಿಟ್ಕೊಂಡು ಹೇಳ್ಬೇಕಾದ ಆ ಐದು ಪದ. ಪದಕ್ಕೊಂದು ಮಾರ್ಕು. ಐದೂ ಬಂದ್ರೆ ಇಪ್ಪತ್ತಾರು. ಇಪ್ಪತ್ತಾರು ಬಂದ್ರೆ ಗಂಗಾಧರಯ್ಯ ಮ್ಯಾಚಿಂಗ್ ಸೆಂಟರಿನ ಗಲ್ಲಾ ಈ ಗಂಗಾಧರಯ್ಯಂದೇ. ಒಂದು ಕಮ್ಮಿಯಾದ್ರೂ ನಾಳೆಯಿಂದ ಅಲ್ಲಿ ನನ್ನ ಮಗಳು ರೇಖಾ ಕೂರ್ತಾಳೆ, ನಾನು ಮನೇಲಿ ಟೀವಿ ಮುಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳಲ್ಲ, ಅವಳೇ. ಅಪ್ಪ-ಮಗಳ ಒಪ್ಪಂದ.

ಇಪ್ಪತ್ನಾಲ್ಕಕ್ಕೆ ಮುಗಿಸೋಣ್ವಾ? ...ಇಲ್ವಾ? ಇಪ್ಪತ್ತೈದು? ...ಸರಿ ಬಿಡಿ, ನಿಮ್ಮದು ಫಿಕ್ಸೆಡ್ ರೇಟು. ನಗ್ತೀರಲ್ಲ, ಅಷ್ಟು ಸಾಕು. ನಗೋ ಗಿರಾಕಿ ಅರ್ಧ ಬಿದ್ದ ಹಾಗೆ.

ನೀವು ಈಗ ಹೇಳಿದ ಪದ ಒಂದ್ಸಲ ಒಪ್ಪಿಸಿಬಿಡ್ತೀನಿ. ಏಣಿ, ಕಂಬಳಿ, ಗುಬ್ಬಚ್ಚಿ, ಸೌತೆಕಾಯಿ, ಹಳದಿ. ಸರಿ ತಾನೇ? ಆದ್ರೆ ಯಾವ ಹಳದಿ ಅಂತ ಹೇಳಲೇ ಇಲ್ಲ! ನಿಂಬೆನಾ, ಅರಿಶಿನನಾ, ಸಾಸಿವೆ ಹೂವಿಂದಾ? ಸೀರೆಗೆ ಒಪ್ಪೋ ಬ್ಲೌಸ್ ಪೀಸು, ಫಾಲ್ಸು, ದಾರ ಹುಡುಕಿಕೊಡೋದೇ ನಮ್ಮ ಕಸುಬು. ನಮ್ಮಲ್ಲಿ ಬಂದು ಬರೀ 'ಹಳದಿ ಕೊಡಿ' ಅಂದ್ರೆ, ಹೆಂಡತಿ ಕಳಿಸಿದ ಗಂಡ ಅಂತಲೇ ಅರ್ಥ.

ಐದು ನಿಮಿಷ ಬಿಟ್ಟು ಕೇಳ್ತೀರಾ? ಕೇಳಿ, ಕೇಳಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ಕೂರೋ ಆಸಾಮಿ ಅಲ್ಲ ನಾನು.

ನಿಜ ಹೇಳ್ಬೇಕಂದ್ರೆ ನನಗೇನೂ ಆಗಿಲ್ಲ ಡಾಕ್ಟ್ರಮ್ಮ. ಆಗಿರೋದು ಬೈಲಪ್ಪನಿಗೆ. ಬೈಲಪ್ಪ ಯಾರಾ? ನನ್ನ ಸ್ನೇಹಿತ, ಅವನದ್ದೂ ಇದೇ ವ್ಯಾಪಾರ. ಪಾಪ, ಒಬ್ಬಳು ಹುಡುಗಿ ನೇರಳೆ ಸೀರೆ ತಂದು 'ಅಂಕಲ್, ಇದಕ್ಕೆ ಫಾಲ್ಸ್' ಅಂದ್ರೆ ಹಸಿರು ಕೊಟ್ಟು ಕಳಿಸಿದ್ದಾನೆ. ಬದಲಾಯಿಸೋಕೆ ಬಂದ್ಲು, ಮತ್ತೆ ಅದೇ ಹಸಿರು! ಮೂರನೇ ಸಲ ಅವಳ ಅಮ್ಮ ಬಂದ್ಲು. ಆ ಅಮ್ಮನ ಬಾಯಿ... ಬೇಡ ಬಿಡಿ, ಇದು ಆಸ್ಪತ್ರೆ.

ಆಮೇಲೆ ಯಾರಿಗೂ ಹೇಳದೆ ಶ್ರೀನಗರ ಬಡಾವಣೇಲಿ ಯಾವುದೋ ಉಚಿತ ಶಿಬಿರಕ್ಕೆ ಹೋಗಿದ್ದಾನೆ. ಅಲ್ಲಿನ ಡಾಕ್ಟ್ರು ಅವರ ಆಸ್ಪತ್ರೆ ಭಾಷೇಲಿ ಹೇಳಿದ್ರು, ಇವನು ನಮ್ಮ ಅಂಗಡಿ ಭಾಷೇಲಿ ಅರ್ಥ ಮಾಡ್ಕೊಂಡ. ತಪ್ಪಿದ್ರೆ ತಿದ್ದಿ.

ಮಿದುಳಿನ ಕೋಶದ ಮೈಯಲ್ಲಿ ಒಂದು ಉದ್ದನೆ ಪ್ರೋಟೀನ್ ಇರುತ್ತಂತೆ, ಬಟ್ಟೆ ಥಾನು ಇದ್ದ ಹಾಗೆ. ಅದನ್ನ ಕತ್ತರಿಸೋ ಕತ್ತರಿಗಳೂ ಅಲ್ಲೇ ಇರ್ತವೆ. ಸರಿಯಾದ ಜಾಗಕ್ಕೆ ಕತ್ತರಿ ಬಿದ್ರೆ ತಾಪತ್ರಯ ಇಲ್ಲ. ಬೇರೆ ಜಾಗಕ್ಕೆ ಬಿದ್ರೆ ಒಂದು ಕಟ್ ಪೀಸ್ ಉದುರುತ್ತೆ. ಅಮಿಲಾಯ್ಡ್! ಹೆಸರು ನೋಡಿ, ಸೂರತ್ತಿಂದ ಬಂದ ಹೊಸ ಸೀರೆ ಇದ್ದ ಹಾಗಿದೆ. ಎಲ್ಲರ ತಲೇಲೂ ಅಷ್ಟಿಷ್ಟು ಉದುರುತ್ತೆ, ಗುಡಿಸಿ ಹೋಗುತ್ತೆ. ಗುಡಿಸೋದು ತಪ್ಪಿತೋ, ಅಂಟು ಮಾಲು ಅದು, ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಮೊದಲು ಸಣ್ಣ ಗಂಟು, ಆಮೇಲೆ ಗುಡ್ಡೆ. ಎಲ್ಲಿ? ಅಂಗಡಿ ಒಳಗಲ್ಲ, ಅಂಗಡಿ ಅಂಗಡಿ ನಡುವಿನ ಸಂದೀಲಿ! ನಾವು ಅಕ್ಕಪಕ್ಕದವರು 'ಚಿಲ್ಲರೆ ಇದ್ಯಾ ಗುರು?' ಅಂತ ಕೂಗಿ ಕೂಗಿಯೇ ತಾನೇ ಬದುಕೋದು? ಕೋಶಗಳೂ ಹಾಗೇ. ಇವನು ಕೂಗಿದ್ದು ಅವನಿಗೆ ಕೇಳಿಸಲ್ಲ. ಅದ್ರಲ್ಲೂ ಗುಡ್ಡೆಗಿಂತ ಆ ಸಣ್ಣ ಗಂಟುಗಳದ್ದೇ ವಿಷ ಜಾಸ್ತಿಯಂತೆ, ಹೌದಾ?

ಕಸ ಎತ್ತೋ ಕೋಶಗಳೂ ಇವೆಯಂತೆ. ಎತ್ತಿ ಎತ್ತಿ ರೋಸಿಹೋಗಿ, ಕಸದ ಜೊತೆ ಅಂಗಡಿ ಬಾಗಿಲನ್ನೂ ಒಡೆದು ಹಾಕ್ತವಂತೆ!

ಇನ್ನು ಅಂಗಡಿ ಒಳಗಿನ ಕಥೆ ಬೇರೆ. ಅದು ಟಾವ್. ಟವಲ್ ಅಲ್ಲಮ್ಮ, ಟಾವ್. ಕೋಶದ ಒಳಗೆ ಊಟ ಸಾಗಿಸೋ ಹಳಿಗಳಿವೆ. ಆ ಹಳಿ ಕಳಚದ ಹಾಗೆ ಬಿಗಿದಿರೋ ದಾರ ಈ ಟಾವ್. ಅದಕ್ಕೆ ಏನೋ ಕೆಮಿಕಲ್ ಜಾಸ್ತಿ ಮೆತ್ಕೊಂಡು, ಹಳಿ ಬಿಟ್ಟು ಬಂದು, ತನಗೆ ತಾನೇ ಸುತ್ಕೊಂಡು ಸಿಕ್ಕಾಗುತ್ತೆ. ಬೆಕ್ಕಿನ ಕೈಗೆ ಸಿಕ್ಕಿದ ದಾರದ ಉಂಡೆ! ಹಳಿ ಕುಸೀತು, ಊಟ ನಿಂತೋಯ್ತು, ಕೋಶ ಉಪವಾಸ ಬಿದ್ದು ಸತ್ತೋಯ್ತು. ಆಮೇಲೆ ಪಕ್ಕದ ಕೋಶದ ಸರದಿ. ಇದೆಲ್ಲ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಶುರುವಂತೆ. ಬೋರ್ಡೇ ಹಾಕದೆ ಇಪ್ಪತ್ತು ವರ್ಷ ವ್ಯಾಪಾರ, ಎಂಥಾ ಖದೀಮ ನೋಡಿ!

ಮೊದಲು ಪೆಟ್ಟು ಬೀಳೋದು ಹೊಸ ನೆನಪು ಬರೆದಿಡೋ ಜಾಗಕ್ಕೆ. ಅದಕ್ಕೇ ಬೈಲಪ್ಪ ಎಂಬತ್ತೈದನೇ ಇಸವೀಲಿ ಬಂದ ಸೀರೆಯ ಅಂಚು ಯಾವುದು ಅಂದ್ರೆ ಈಗ್ಲೂ ಹೇಳ್ತಾನೆ. ಬೆಳಿಗ್ಗೆ ಏನು ತಿಂದೆ ಅಂತ ಕೇಳಿ, 'ನಿಮ್ದು ತಿಂಡಿ ಆಯ್ತಾ?' ಅಂತ ನಮ್ಮನ್ನೇ ಕೇಳ್ತಾನೆ. ಕಿಲಾಡಿ!

ಏನು? ಅವನನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕಾ? ಬರ್ತಾನೆ, ಬರ್ತಾನೆ. ಸ್ವಲ್ಪ ಮೊಂಡ ಅಷ್ಟೇ.

ಆಯ್ತಾ ಟೈಮು? ಹೇಳ್ಲಾ? ಕೇಳಿಸ್ಕೊಳ್ಳಿ. ಮಲ್ಲಿಗೆ, ಬಾವಿ, ಬೀಗ, ನವಿಲು, ಕೆಂಪು. ಹೆಂಗೆ! ಒಂದೇ ಉಸಿರಿಗೆ! ಹಾಕಿ ಐದು. ಇಪ್ಪತ್ತಾರು. ರೇಖಾನ ಒಳಗೆ ಕರೀರಿ, ಅವಳ ಮುಖ ನೋಡ್ಬೇಕು ನಾನು.

...ಬರೀರಿ ಮತ್ತೆ. ಇಂಕು ಖಾಲಿನಾ? ನನ್ನ ಪೆನ್ನು ತಗೊಳ್ಳಿ. ...ಡ್ರಾಯರಿಂದ ತೆಗೆದ್ರಲ್ಲ, ಅದು ಯಾವ ಹಾಳೆ? ತೋರ್ಸಿ. ಮಲ್ಲಿಗೆ, ಬಾವಿ, ಬೀಗ... ಇದೆಯಲ್ಲ! ಇಲ್ಲೇ ಬರೆದಿದೆಯಲ್ಲ ಡಾಕ್ಟ್ರಮ್ಮ, ಸರಿಯಾಗೇ ಹೇಳಿದ್ದೀನಿ!

...ಓ. ಇದು ಇವತ್ತಿನ ಹಾಳೆ ಅಲ್ಲ.

ಅದು ಏನಾಯ್ತಂದ್ರೆ... ಬೈಲಪ್ಪ ಹೇಳಿಕೊಟ್ಟಿದ್ದ. ಶಿಬಿರದಲ್ಲಿ ಇದೇ ಐದು ಕೇಳಿದ್ರು, ನಿನಗೂ ಇದೇ ಕೇಳ್ತಾರೆ ಕಣೋ ಅಂತ.

...

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಆ ಹುಡುಗಿಯ ಅಮ್ಮನಾದ್ರೂ ವಾಸಿ, ಬಾಯ್ತುಂಬ ಬೈದು ಹೋದ್ಲು. ನೀವು ಹಿಂಗೆ ಸುಮ್ಮನೆ ನೋಡಿದ್ರೆ...

...ಪರಿಚಯದೋರು ಯಾರಾದ್ರೂ ಕಂಡ್ರೆ ಅಂಗಡಿ ಹೆಸರು ಹಾಳು ಅಂತ, ಶಿಬಿರದಲ್ಲಿ ಬಾಯಿಗೆ ಬಂದ ಹೆಸರು ಬರೆಸಿದೆ. ಬೈಲಪ್ಪ. ಆವತ್ತು ಐದರಲ್ಲಿ ಒಂದೂ ಬರ್ಲಿಲ್ಲ ಅಮ್ಮ, ಒಂದೂ. ಡಾಕ್ಟ್ರು ಹೇಳಿದ್ದು, ಆ ಪದಗಳು, ಎಲ್ಲಾ ಚೀಟೀಲಿ ಬರ್ಕೊಂಡು ಬಂದೆ. ಮೂರು ತಿಂಗಳು ದಿನಾ ಶಟರ್ ಎತ್ತೋ ಮುಂಚೆ ಉರು ಹೊಡೆದೆ. ನಿಮ್ಮಲ್ಲಿ ಇನ್ನೊಂದು ಹಾಳೆ ಇರುತ್ತೆ ಅಂತ ಈ ವ್ಯಾಪಾರಿ ತಲೆಗೆ ಹೊಳೀಲೇ ಇಲ್ಲ ನೋಡಿ! ಒಂದೇ ಡಿಸೈನ್ ಇಟ್ಕೊಂಡು ಯಾರಾದ್ರೂ ಅಂಗಡಿ ನಡೆಸ್ತಾರಾ?

ಇವತ್ತಿನ ಐದಾ? ...ಇಲ್ಲ. ಕೇಳಿದ ನೆನಪೂ ಇಲ್ಲ.

ಬರ್ಕೊಳ್ಳಿ. ಐದಕ್ಕೆ ಸೊನ್ನೆ, ಒಟ್ಟು ಇಪ್ಪತ್ತೊಂದು. ಗಲ್ಲಾ ರೇಖಾಂದು, ಮಾತು ಅಂದ್ರೆ ಮಾತು. ಆವತ್ತು ಬೈಲಪ್ಪನಿಗೆ ಬಂದಿದ್ದು ಹತ್ತೊಂಬತ್ತು.

ಲಾಭ, ಎರಡು.