ಕುಲುಮೆ ಯಾರದು?

ಸ್ವಲ್ಪ ನಿಂತು ಇದೊಂದನ್ನು ಕೇಳಿಬಿಡಿ. ಲೌತ್ ಪೇಟೆಯ ಬಸ್ ಸಾಲಿನಲ್ಲಿ ವಿನಿಫ್ರೆಡ್‌ಳ ಮುಂದೆ ಅವಳಿಗೆ ಗುರುತಿಲ್ಲದ ಅಕ್ಕತಂಗಿಯರಿಬ್ಬರು ನಿಂತಿದ್ದರು. ಗ್ರಂಥಾಲಯದಿಂದ ಬಂದ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಹಳೇ ರಾಣಿ ಕಾಲದ ಊರ ಡೈರೆಕ್ಟರೀಲಿ ನಮ್ಮೂರ ಕಸುಬುದಾರರ ಪಟ್ಟಿ ಸಿಕ್ತು ಕಣೇ ಎನಿಡ್! ‘ಶ್ರೀಮತಿ ಕೆಜಾಯ ಲಡ್ಲಮ್, ಕಮ್ಮಾರರು’ ಅಂತಿದೆ!”

“ಮುತ್ತಜ್ಜೀನಾ? ಕುಲುಮೆ ಮುತ್ತಜ್ಜಂದಲ್ವಾ?”

“ಅವನು ಸತ್ತಮೇಲೆ ಐದು ಡೈರೆಕ್ಟರಿ ಬಂದಿವೆ. ಐದರಲ್ಲೂ ಇವಳೇ!”

“ಅಯ್ಯೋ, ಭಾನುವಾರ ಅಣ್ಣ ಕುಲುಮೆ ಗೋಡೆಗೆ ಬರೀ ಮುತ್ತಜ್ಜನ ಹೆಸರಿನ ಫಲಕ ಹಾಕಿಸ್ತಿದಾನಲ್ಲೇ!”

“ಫಲಕದ ಪರದೆ ಎಳೀಲಿ, ಆಮೇಲೆ ಐದೂ ಪುಟ ಓದ್ತೀನಿ.”

“ಪರದೆ ಎಳೆಯೋಕೆ ಬರೋ ಪಾದ್ರಿಗಳ ಮುಂದೇನಾ?”

“ಮತ್ತೆ? ಅವರ ಚರ್ಚಿನ ಕುದುರೆಗೆ ಆಗ ಲಾಳ ಹೊಡೆದಿದ್ದು ಯಾರಂತೆ?”

ನಗುತ್ತಲೇ ಇಬ್ಬರೂ ಬಸ್ ಹತ್ತಿದರು. ಅದು ವಿನಿಫ್ರೆಡ್‌ಳ ಊರಿನ ಬಸ್ಸಲ್ಲ. ಭಾನುವಾರ ಪರದೆ ಎಳೆಯುವುದು ಎಷ್ಟು ಗಂಟೆಗೆಂದು ಕೇಳಲು ಅವಳೂ ಹತ್ತಿಯೇಬಿಟ್ಟಳು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?